ಜಿಪ್ಪಕ್ಕ ಮಾರಿದ ಬೀಗ

ಜಿಪ್ಪಕ್ಕ ಎಂಬ ಹೆಸರನ್ನು ಅವಳಿಗೆ ಯಾರಿಟ್ಟರೋ ಗೊತ್ತಿಲ್ಲ, ಆದರೆ ಇಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ನಗರಸಭೆಯ ಮಾರುಕಟ್ಟೆಯ ಒಳಸಾಲಿನಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಇಕ್ಕಳ, ಒಂದು ತುಂಡು ಮೇಣ ಇಟ್ಟುಕೊಂಡು ಕೂತ ಅವಳ ಕೈಗೆ ಬಂದ ಮೇಲೂ ಹಟ ಬಿಡದ ಜಿಪ್ಪು ಇನ್ನೂ ಹುಟ್ಟಿರಲಿಲ್ಲ. ಪ್ರಯಾಣದ ಚೀಲ, ಮಕ್ಕಳ ಶಾಲೆಚೀಲ, ಹೊಟ್ಟೆ ಬೆಳೆದದ್ದನ್ನು ಒಪ್ಪಿಕೊಳ್ಳದ ಗಂಡಸರ ಜಾಕೆಟ್ಟು, ಎಲ್ಲವೂ ಅವಳ ಮುಂದೆ ಬಾಯಿ ಬಿಟ್ಟುಕೊಂಡು ಬರುತ್ತಿದ್ದವು, ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದವು. ಕೆಲಸದ ಮಟ್ಟಿಗೆ ತನ್ನನ್ನು ಮೀರಿಸುವವರು ಈ ಪಟ್ಟಣದಲ್ಲಿ ಇಲ್ಲ ಎಂದು ಅವಳಿಗೆ ಗಟ್ಟಿಯಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಅವಳದಲ್ಲ.

ಅವಳು ಬೇರೆ ದೇಶದವಳು. ಅಲ್ಲಿ ಚೀಲದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಸಂತೆಯಲ್ಲಿ ಕೂತು ರಿಪೇರಿ ಮಾಡಿದಳು. ಸಂತೆಯಲ್ಲೂ ಜನರ ಕೈ ಬರಿದಾದಾಗ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಇಲ್ಲಿಗೆ ಬಂದಳು. ಗಂಡ ಅಲ್ಲೇ ಉಳಿದ. ಅವನು ರೇಡಿಯೊ ರಿಪೇರಿಯವನು. ರೇಡಿಯೊ ಕೇಳುವವರೇ ಇಲ್ಲದ ಕಾಲದಲ್ಲಿ ರೇಡಿಯೊ ರಿಪೇರಿ ಮಾಡುವವನ ಧೈರ್ಯ ಎಂಥದ್ದಿರಬೇಕು ನೋಡಿ. ಪ್ರತಿ ಭಾನುವಾರ ಫೋನಿನಲ್ಲಿ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ, ಅಲ್ಲಿ ತನ್ನ ರೇಡಿಯೊಗಳನ್ನು ಇಡಲು ಜಾಗ ಇದೆಯೇ ಎಂದು. ನಿಮ್ಮನ್ನು ಇಡಲು ಜಾಗ ಸಿಗಲಿ ಮೊದಲು ಎಂದು ಅವಳು ರೇಗುತ್ತಿದ್ದಳು. ಅವನಿಲ್ಲದೆ ಅವಳಿಗೆ ಬೇಸರವಾಗುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಈ ಪಟ್ಟಣಕ್ಕೆ ಹೊರಗಿನಿಂದ ಜನ ಬರುವುದು ಹೊಸದಲ್ಲ. ಹಿಂದೆಲ್ಲ ಬಂದವರನ್ನು ರೈಲುಹಳಿಯ ಆಚೆ ಒಂದೇ ಕಡೆ ಗುಡ್ಡೆ ಹಾಕಿ ನಗರಸಭೆ ಕೈತೊಳೆದುಕೊಳ್ಳುತ್ತಿತ್ತು. ಹಳಿಯಾಚೆ ಹುಟ್ಟಿ ಬೆಳೆದ ಮಕ್ಕಳಿಗೆ ಈಚೆಯ ಬೀದಿಗಳ ಗುರುತಿಲ್ಲ, ಈಚೆಯವರಿಗೆ ಆಚೆ ಹೋಗುವ ಬಸ್ಸು ಯಾವುದೆಂದೇ ಗೊತ್ತಿಲ್ಲ ಎಂಬ ಸ್ಥಿತಿ ಬಂದ ಮೇಲೆ ದೊಡ್ಡವರಿಗೆ ಎಚ್ಚರವಾಯಿತು. ಹೊಸಬರಿಗಾಗಿಯೇ ಒಂದು ವಿಭಾಗ ತೆರೆದರು, ಹೊಸ ನಿಯಮ ಮಾಡಿದರು. ಇನ್ನು ಮೇಲೆ ಬಂದವರೆಲ್ಲ ಒಂದೇ ಕಡೆ ಇರಕೂಡದು. ಮನೆಯಾಗಲಿ ಮಳಿಗೆಯಾಗಲಿ, ಹಳಬರಿಬ್ಬರ ನಡುವೆ ಒಬ್ಬ ಹೊಸಬ. ಸಂಜೆ ಭಾಷೆಯ ತರಗತಿ. ಮಾರುಕಟ್ಟೆಯಲ್ಲಿ ಮಳಿಗೆ ಸಿಕ್ಕವರು ಒಂದು ವರ್ಷ ಪರೀಕ್ಷೆಯ ಮೇಲೆ ಇರಬೇಕು. ವರ್ಷ ತುಂಬಿದ ದಿನ ವಿಭಾಗದ ಅಧಿಕಾರಿ ಬಂದು ಅಕ್ಕಪಕ್ಕದ ಮಳಿಗೆಯವರನ್ನು ಬಾಯಿಮಾತಿನಲ್ಲೇ ಕೇಳುತ್ತಾರೆ, ಇವರು ಇಲ್ಲಿ ಇರಬಹುದೇ ಎಂದು. ಇಬ್ಬರೂ ಹೂಂ ಎಂದರೆ ಮಳಿಗೆ ಕಾಯಂ. ಒಬ್ಬರು ಊಹೂಂ ಎಂದರೂ ಮತ್ತೆಲ್ಲೋ ಮೊದಲಿನಿಂದ ಶುರು. ಮಳಿಗೆ ಕಾಯಂ ಆದವರು ಮಾತ್ರ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬಹುದು.

ಕೇಳಲು ಚೆನ್ನಾಗಿಯೇ ಇದೆ. ಆದರೆ ಮನುಷ್ಯರು ಸಕ್ಕರೆಯಲ್ಲವಲ್ಲ, ಬೆರೆಸಿದ ಕೂಡಲೇ ಕರಗಲು. ಜಿಪ್ಪಕ್ಕನ ಎಡಕ್ಕೆ ಗುಂಡಿ, ದಾರ, ಲೇಸು ಮಾರುವ ಗುಂಡಿಯಮ್ಮ ಇದ್ದಳು. ಮಾತಿಗೆ ಜನ ಸಿಕ್ಕರೆ ಸಾಕು, ಅವರು ಯಾವ ದೇಶದವರಾದರೂ ಆಕೆಗೆ ಆಗುತ್ತಿತ್ತು. ಬಲಕ್ಕೆ ಇದ್ದವನು ಬೀಗದಣ್ಣ. ಬೀಗ ರಿಪೇರಿ, ಕೀಲಿಕೈ ನಕಲು, ಮನೆಯ ಹೊರಗೆ ಸಿಕ್ಕಿಹಾಕಿಕೊಂಡವರಿಗೆ ಬಾಗಿಲು ತೆಗೆದುಕೊಡುವುದು ಅವನ ಕಸುಬು. ಅವನ ತಂದೆಯೂ ಅದೇ ಮಳಿಗೆಯಲ್ಲಿ ಅದೇ ಕೆಲಸ ಮಾಡಿದವರು. ಜಿಪ್ಪಕ್ಕನಿಗೆ ಸಿಕ್ಕ ಮಳಿಗೆಯನ್ನು ತನ್ನ ಅಕ್ಕನ ಮಗನಿಗೆ ಕೊಡಿಸಬೇಕೆಂದು ಬೀಗದಣ್ಣ ಎರಡು ವರ್ಷ ನಗರಸಭೆಯ ಮೆಟ್ಟಿಲು ಸವೆಸಿದ್ದ. ಕೊನೆಗೆ ಅದು ಎಲ್ಲಿಂದಲೋ ಬಂದ ಹೆಂಗಸಿನ ಪಾಲಾದಾಗ ಅವನ ಮುಖ ಗಂಟು ಹಾಕಿಕೊಂಡಿತು, ಆಮೇಲೆ ಬಿಚ್ಚಲೇ ಇಲ್ಲ. ಅವಳ ಕಡೆಯ ಗೋಡೆಗೆ ಬೆನ್ನು ಹಾಕಿಯೇ ಅವನು ದಿನವಿಡೀ ಕೀಲಿಕೈ ಉಜ್ಜುತ್ತಿದ್ದ.

ಅವನ ಮುನಿಸಿಗೆ ಜಿಪ್ಪಕ್ಕ ಹೆದರಲಿಲ್ಲ. ಅವಳನ್ನು ಕಾಡಿದ್ದು ಬೇರೆ ವಿಷಯ. ಅವಳ ಊರಿನ ಸಂತೆಯಲ್ಲಿ ಒಂದು ರೂಢಿಯಿತ್ತು. ಯಾರಾದರೂ ಎದ್ದು ಹೋಗಬೇಕಾದರೆ, ತಾನಿಲ್ಲದಾಗ ಮಾರಬಾರದ ಸಾಮಾನಿನ ಮೇಲೆ ಒಂದು ಬಟ್ಟೆ ಹಾಕಿ ಸುಮ್ಮನೆ ನಡೆದುಬಿಡುತ್ತಿದ್ದರು. ಪಕ್ಕದವನು ಬಂದು ಅವರ ಜಾಗದಲ್ಲಿ ಕೂತು, ಬಟ್ಟೆಯ ಹೊರಗಿರುವುದನ್ನೆಲ್ಲ ಚೌಕಾಸಿ ಮಾಡಿ ಮಾರುತ್ತಿದ್ದ. ನೋಡಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಿದರೆ ಅವಮಾನ. ಕೇಳುವುದೆಂದರೆ, ಕೇಳದಿದ್ದರೆ ನೀನು ಮಾಡುವುದಿಲ್ಲ ಎಂದು ಮುಖಕ್ಕೇ ಹೇಳಿದ ಹಾಗೆ. ಇಲ್ಲಿಗೆ ಬಂದ ಹೊಸದರಲ್ಲಿ ಅವಳೂ ಗಿರಾಕಿಗಳ ಚೀಲಗಳ ಮೇಲೆ ಬಟ್ಟೆ ಎಳೆದು ಹಲ್ಲಿನ ಡಾಕ್ಟರ ಬಳಿಗೆ ಹೋಗಿದ್ದಳು. ಬಂದು ನೋಡಿದರೆ ಗಿರಾಕಿಯೊಬ್ಬ ಕಾದು ಕಾದು ರೇಗಿ ದೂರು ಕೊಟ್ಟಿದ್ದ. ಪಕ್ಕದವರಿಬ್ಬರೂ ಕೂತ ಜಾಗದಿಂದ ಕದಲಿರಲಿಲ್ಲ.

ವಿಭಾಗದ ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು. ಬೆನ್ನಿಗೆ ಚೀಲ ಹಾಕಿಕೊಂಡು ಪಟ್ಟಣವನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತುತ್ತಿದ್ದರು. ದೂರು ವಿಚಾರಿಸಲು ಬಂದವರು ಬಟ್ಟೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು, ಚೆನ್ನಾಗಿದೆ ಎಂದು ನಕ್ಕರು. ಆದರೆ ಇಲ್ಲಿ ಬಾಯಿಬಿಟ್ಟು ಕೇಳಲೇಬೇಕು, ಕೇಳದೆ ಯಾರೂ ಮಾಡುವುದಿಲ್ಲ ಎಂದು ಬುದ್ಧಿ ಹೇಳಿ ಹೋದರು. ಅಂದಿನ ಸಂಜೆ ತರಗತಿಯಲ್ಲಿ ಜಿಪ್ಪಕ್ಕ ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದಳು: ಸ್ವಲ್ಪ ನೋಡ್ಕೊಳ್ತೀರಾ? ಗುಂಡಿಯಮ್ಮನಿಗೆ ಅದನ್ನು ಹೇಳುವಾಗಲೆಲ್ಲ ಅವಳಿಗೆ ಕೈಚಾಚಿ ಭಿಕ್ಷೆ ಬೇಡಿದಂತೆ ಆಗುತ್ತಿತ್ತು. ಬೀಗದಣ್ಣನನ್ನಂತೂ ಒಂದು ಸಲವೂ ಕೇಳಲಿಲ್ಲ.

ಹೀಗೆ ವರ್ಷ ಉರುಳಿತು. ಅಧಿಕಾರಿ ಬರುವುದು ಮುಂದಿನ ವಾರ ಎಂದು ಗೊತ್ತಾಗಿತ್ತು. ಗಂಡ ಆಗಲೇ ರೇಡಿಯೊಗಳನ್ನು ಡಬ್ಬಕ್ಕೆ ತುಂಬಲು ಶುರು ಮಾಡಿದ್ದ.

ಆಗ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಓಡುತ್ತಾ ಬಂದು ಬೀಗದಣ್ಣನ ಮುಂದೆ ನಿಂತಳು. ಅವಳ ಪುಟ್ಟ ಮಗು ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡುಬಿಟ್ಟಿತ್ತು. ತೆಗೆಯಲು ಬಾರದೆ ಒಂದೇ ಸಮನೆ ಅಳುತ್ತಿತ್ತು. ಬೀಗದಣ್ಣ ಎಷ್ಟೇ ಸಿಡುಕನಾಗಲಿ, ಕಲ್ಲೆದೆಯವನಲ್ಲ. ಸಲಕರಣೆಯ ಚೀಲ ಹೆಗಲಿಗೇರಿಸಿ ಅವಳ ಹಿಂದೆಯೇ ಓಡಿದ. ಮಳಿಗೆ ಹಾಗೇ ತೆರೆದಿತ್ತು.

ಜಿಪ್ಪಕ್ಕ ಒಂದು ಗಳಿಗೆಯೂ ಯೋಚಿಸಲಿಲ್ಲ. ಎದ್ದು ಹೋಗಿ ಅವನ ಸ್ಟೂಲಿನ ಮೇಲೆ ಕೂತಳು. ನೋಡಿದರೆ ಯಾವುದರ ಮೇಲೂ ಬಟ್ಟೆಯಿಲ್ಲ. ಅಂದರೆ ಎಲ್ಲವೂ ಮಾರಾಟಕ್ಕೆ. ಎಷ್ಟೋ ತಿಂಗಳಿನಿಂದ ಕಿವಿಗೆ ಬೀಳುತ್ತಿದ್ದ ಬೆಲೆಗಳು ಅವಳಿಗೆ ಬಾಯಿಗೇ ಬರುತ್ತಿದ್ದವು. ಎರಡು ಸೈಕಲ್ ಬೀಗ ಮಾರಿದಳು, ಒಂದು ಪೆಟ್ಟಿಗೆಯ ಬೀಗ ಮಾರಿದಳು. ಗಿರಾಕಿಗಳೊಂದಿಗೆ ನಗುನಗುತ್ತಾ ಮಾತಾಡಿದಳು. ಆ ಮಳಿಗೆ ಅಂಥದ್ದನ್ನು ಕಂಡಿದ್ದೇ ಇಲ್ಲ. ಆಮೇಲೆ ಒಬ್ಬ ತಾತ ಬಂದ. ಅವನೂ ಹೊಸಬನೇ. ಬಸ್ ಡಿಪೋ ಹಿಂದಿನ ನಗರಸಭೆಯ ಹೊಸ ಕಟ್ಟಡದಲ್ಲಿ, ಮೇಲಿನ ಅಂತಸ್ತಿನ ಕೊನೆಯ ಮನೆ ತನಗೆ ಸಿಕ್ಕಿದೆ, ನಿನ್ನೆಯಷ್ಟೇ ಬಂದೆ ಎಂದು ಎದೆಯುಬ್ಬಿಸಿ ಹೇಳಿಕೊಂಡ. ಆಮೇಲೆ ಮೇಲೆ ಕೈ ತೋರಿಸಿದ. ಮಳಿಗೆಯ ಮುಂದಿನ ಕೊಕ್ಕೆಯಲ್ಲಿ, ಎಲ್ಲಕ್ಕಿಂತ ಎತ್ತರದಲ್ಲಿ, ಅಂಗೈಯಗಲದ ಒಂದು ಹಿತ್ತಾಳೆ ಬೀಗ ಕೀಲಿಕೈ ಸಮೇತ ತೂಗುತ್ತಿತ್ತು.

ಆ ಬೀಗದ ಬೆಲೆ ಕೇಳಿದವರನ್ನು ಬೀಗದಣ್ಣ ಗದರಿಸಿ ಕಳಿಸುವುದನ್ನು ಜಿಪ್ಪಕ್ಕ ಎಷ್ಟೋ ಸಲ ಕಂಡಿದ್ದಳು. ಆದರೆ ಅವನು ಸೈಕಲ್ ಬೀಗ ಕೇಳಿದವರನ್ನೂ ಹಾಗೇ ಗದರಿಸುತ್ತಿದ್ದ. ಅದು ಅವನ ಚೌಕಾಸಿಯ ವರಸೆ, ಒಳ್ಳೆಯ ಬೆಲೆಗೆ ಕಾಯುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಅವಳೂರಿನ ಸಂತೆಯಲ್ಲಿ ಎತ್ತರದಲ್ಲಿ ತೂಗುಹಾಕಿದ್ದೇ ಎಲ್ಲಕ್ಕಿಂತ ದುಬಾರಿ ಮಾಲು. ಹಾಗಾಗಿ ಬೆಲೆಯನ್ನು ಬಾಯಿಗೆ ಬಂದಷ್ಟು ಏರಿಸಿ ಹೇಳಿದಳು. ತಾತ ಮರುಮಾತಾಡದೆ ಕೊಟ್ಟು, ಬೀಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಜಿಪ್ಪಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಇವತ್ತಾದರೂ ಈ ಮನುಷ್ಯನ ಮುಖದ ಗಂಟು ಬಿಚ್ಚೀತು ಎಂದುಕೊಂಡಳು.

ಬೀಗದಣ್ಣ ಮಗುವನ್ನು ಹೊರಗೆ ತೆಗೆದು, ಎಂದೂ ಇಲ್ಲದ ಗೆಲುವಿನಲ್ಲಿ ವಾಪಸು ಬಂದ. ಅವಳು ಹಣವನ್ನು ಅವನ ಕೈಗಿಟ್ಟು ಯಾವುದಕ್ಕೆ ಎಷ್ಟೆಂದು ಹೇಳಿದಳು. ಅವನು ತಲೆಯೆತ್ತಿ ಕೊಕ್ಕೆ ನೋಡಿದ. ಕೂಗಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಕೂಗಾಡಲಿಲ್ಲ. ಕೈಯೆತ್ತಿ ಆ ಖಾಲಿ ಕೊಕ್ಕೆಯನ್ನು ಮುಟ್ಟಿ ನೋಡಿದ.

"ಅದು ನಮ್ಮಪ್ಪ ಮಾಡಿದ್ದು," ಎಂದ. "ಅವರು ಮೊದಲನೇ ಸಲ ಪೂರ್ತಿ ಕೈಯಿಂದ ಮಾಡಿದ ಬೀಗ."

ಅಷ್ಟು ಹೇಳಿ, ಮಟಮಟ ಮಧ್ಯಾಹ್ನವೇ ಮಳಿಗೆಯ ಬಾಗಿಲು ಎಳೆದು ಹೊರಟುಹೋದ. ಜಿಪ್ಪಕ್ಕನಿಗೆ ಮೊದಲು ನೆನಪಾದದ್ದು ಮುಂದಿನ ವಾರದ ಅಧಿಕಾರಿಯಲ್ಲ, ಗಂಡನೂ ಅಲ್ಲ. ಅವಳ ಕಣ್ಣಮುಂದೆ ನಿಂತದ್ದು ಆ ಕೊಕ್ಕೆ. ಗಂಡನೂ ಅಧಿಕಾರಿಯೂ ಆಮೇಲೆ ಒಟ್ಟಿಗೇ ನೆನಪಾದರು.

ಗುಂಡಿಯಮ್ಮ ಅವಳ ಹಿತಕ್ಕೇ ಒಂದು ಉಪಾಯ ಹೇಳಿಕೊಟ್ಟಳು. ತಪ್ಪನ್ನು ಪೂರ್ತಿ ಹೊತ್ತುಕೊಳ್ಳಬೇಡ, ಆ ತಾತನೇ ಹಟ ಹಿಡಿದು ಕಿತ್ತುಕೊಂಡು ಹೋದ ಎಂದುಬಿಡು, ನಾನೂ ಸಾಕ್ಷಿ ಹೇಳುತ್ತೇನೆ ಎಂದಳು. ಜಿಪ್ಪಕ್ಕ ಬೇಡವೆಂದಳು. ನಿನ್ನೆ ಬಂದವನ ತಲೆಗೆ ಕಟ್ಟಿ ತಾನು ಬಚಾವಾಗುವುದು ಅವಳಿಂದ ಆಗದ ಮಾತು. ಮಾರಿದವಳು ತಾನು, ಬಿಡಿಸಿ ತರುವವಳೂ ತಾನೇ ಎಂದು ಅಂದು ಸಂಜೆಯೇ ಬಸ್ಸು ಹತ್ತಿದಳು.

ಕೊನೆಯ ಮನೆಯ ಬಾಗಿಲಲ್ಲಿ ಬೀಗ ಆಗಲೇ ತೂಗುತ್ತಿತ್ತು. ತಾತ ಹೊಸ ಕೊಂಡಿ ಬಡಿದು ಸಿಕ್ಕಿಸಿದ್ದ. ಹಣ ವಾಪಸು ಕೊಡುತ್ತೇನೆ, ಮೇಲೆ ನಿನ್ನ ಜಾಕೆಟ್ಟು ಚೀಲಗಳನ್ನೆಲ್ಲ ಬದುಕಿರುವ ತನಕ ಪುಕ್ಕಟೆ ಹೊಲಿದುಕೊಡುತ್ತೇನೆ ಎಂದರೂ ಅವನು ಜಗ್ಗಲಿಲ್ಲ. ಜೀವಮಾನದಲ್ಲಿ ಅವನಿಗೆ ಸಿಕ್ಕ ಮೊದಲ ಸ್ವಂತ ಬಾಗಿಲು ಅದು. ನಗರಸಭೆಯವರು ಕೊಟ್ಟ ಬೀಗ ನೋಡಿದರೆ ತನಗೆ ನಿದ್ದೆ ಬರುವುದಿಲ್ಲ, ಇದೊಂದೇ ಬೀಗದ ಹಾಗಿರುವ ಬೀಗ ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಅದೇ ತೊಂದರೆ.

ಮರುದಿನ ಬೆಳಿಗ್ಗೆ ಅವಳು ಬೀಗದಣ್ಣನ ಮುಂದೆ ಹೋಗಿ ನಿಂತಳು. ಬೀಗ ಎಲ್ಲಿದೆ ಎಂದು ಗೊತ್ತು, ತನ್ನಿಂದ ತರಲು ಆಗಲಿಲ್ಲ, ಅವನೇ ಬರಬೇಕು ಎಂದಳು. ಅವನು ಕೀಲಿಕೈ ಉಜ್ಜುತ್ತಲೇ ಇದ್ದ. ಅವಳು ಕದಲಲಿಲ್ಲ. ಒಬ್ಬ ಗಿರಾಕಿ ಬಂದು ಹೋದ, ಇನ್ನೊಬ್ಬ ಬಂದು ಹೋದ, ಅವಳು ನಿಂತೇ ಇದ್ದಳು. ಕೊನೆಗೆ ಅವನು ಚೀಲ ಎತ್ತಿಕೊಂಡು ಎದ್ದ. ಗುಂಡಿಯಮ್ಮ ಎರಡೂ ಮಳಿಗೆ ನೋಡಿಕೊಳ್ಳುತ್ತೇನೆಂದು ತಾನಾಗಿಯೇ ಹೇಳಿದಳು, ಏನನ್ನೂ ಮಾರುವುದಿಲ್ಲ ಎಂದೂ ಸೇರಿಸಿದಳು.

ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಾ ಕೂತರು. ಆಮೇಲೆ ಅವನು ತಡೆಯಲಾರದೆ ಕೇಳಿದ.

"ನಿನ್ನನ್ನ ಯಾರಮ್ಮಾ ಕರೆದಿದ್ದು, ನನ್ನ ಅಂಗಡೀಲಿ ಕೂರು ಅಂತ?"

"ಯಾರೂ ಕರೀಲಿಲ್ಲ ಅಣ್ಣಾ. ನಮ್ಮ ಕಡೆ ಯಾರೂ ಕರೆಯಲ್ಲ. ಪಕ್ಕದವರು ಎದ್ದು ಹೋದ್ರೆ ನಾವೇ ಹೋಗಿ ಕೂರ್ತೀವಿ. ಮಾರಬಾರದ್ದನ್ನ ಅವರು ಬಟ್ಟೆ ಕೆಳಗೆ ಇಟ್ಟು ಹೋಗಿರ್ತಾರೆ. ನಿಮ್ಮ ಬೀಗದ ಮೇಲೆ ಬಟ್ಟೆ ಇರಲಿಲ್ಲ."

"ಕೇಳೋದೇ ಇಲ್ವಾ?"

"ನಂಬಿಕೆ ಇಲ್ಲದವರು ಕೇಳ್ತಾರೆ."

ಹುಚ್ಚರ ಸಂತೆ ನಿಮ್ಮದು ಎಂದು ಅವನು ಮತ್ತೆ ಕಿಟಕಿಯ ಕಡೆ ತಿರುಗಿದ. ಆದರೆ ಇಳಿಯುವ ಜಾಗ ಬರುವವರೆಗೂ ಅದನ್ನೇ ಮೆಲುಕು ಹಾಕುತ್ತಿದ್ದ ಎಂಬುದು ಅವಳಿಗೆ ಕಾಣುತ್ತಿತ್ತು.

ತಾತನ ಬಾಗಿಲ ಮುಂದೆ ಬೀಗದಣ್ಣ ತಂದೆಯ ಬೀಗವನ್ನು ಮುಟ್ಟಿದ. ಕೀಲಿಕೈ ಕೇಳಿ ತಿರುಗಿಸಿದ. ಇಷ್ಟು ವರ್ಷ ಸುಮ್ಮನೆ ತೂಗಿದ್ದ ಬೀಗ ಬೆಣ್ಣೆಯಂತೆ ಬಿಚ್ಚಿಕೊಂಡಿತು. ಅವನ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಬಾಗಿಲಿನ ಇನ್ನೊಂದು ಬೀಗವನ್ನು, ನಗರಸಭೆ ಹಾಕಿಸಿದ್ದನ್ನು, ಪರೀಕ್ಷಿಸಲು ಬಗ್ಗಿದ. ಬಗ್ಗಿದವನು ಅಳುವುದನ್ನು ಮರೆತೇಬಿಟ್ಟ. ಜೇಬಿನಿಂದ ಒಂದು ತಂತಿ ತೆಗೆದು ಒಳಗೆ ತೂರಿಸಿದ್ದಷ್ಟೇ, ಬೀಗ ತೆರೆದುಕೊಂಡಿತು. ಎದುರುಮನೆಯದನ್ನೂ ಕೇಳಿಕೊಂಡು ನೋಡಿದ, ಅದೂ ಹಾಗೇ.

"ಇದಕ್ಕೆ ಬೀಗ ಅಂತಾರಾ?" ಎಂದು ಅವನು ಇಡೀ ಅಂತಸ್ತಿಗೆ ಕೇಳುವಂತೆ ಗುಡುಗಿದ. "ಜನಕ್ಕೆ ಬಾಗಿಲು ಕೊಟ್ಟು, ಬಾಗಿಲಿಗೆ ತಗಡು ಕೊಟ್ಟಿದಾರೆ."

ಒಬ್ಬೊಬ್ಬರಾಗಿ ಜನ ಹೊರಬಂದರು. ಅಲ್ಲಿ ಹಳಬರೂ ಇದ್ದರು, ಹೊಸಬರೂ ಇದ್ದರು. ವಿಭಾಗದವರು ಅಳೆದು ತೂಗಿಯೇ ಬೆರೆಸಿದ್ದರು. ವಾರಗಟ್ಟಲೆ ಅಕ್ಕಪಕ್ಕದಲ್ಲಿದ್ದೂ ಮುಖ ಕೊಟ್ಟು ಮಾತಾಡದವರು, ತಮ್ಮೆಲ್ಲರ ಬೀಗವೂ ಒಂದೇ ತಂತಿಗೆ ತೆರೆಯುತ್ತದೆ ಎಂದು ತಿಳಿದ ಮೇಲೆ ಒಟ್ಟಿಗೇ ನಿಂತು ನಗರಸಭೆಯನ್ನು ಬೈಯತೊಡಗಿದರು. ನಿಯಮದಿಂದ ಆಗದ ಕೆಲಸ ಕೆಟ್ಟ ಬೀಗದಿಂದ ಆಯಿತು ಎಂದು ಯಾರಾದರೂ ನಗಬಹುದು. ಆದರೆ ಅವರನ್ನು ಒಂದೇ ಅಂತಸ್ತಿಗೆ ತಂದು ನಿಲ್ಲಿಸಿದ್ದು ಆ ನಿಯಮವೇ ತಾನೇ, ಅದನ್ನೂ ಹೇಳಬೇಕು.

ಬೀಗದಣ್ಣ ಅಂದು ಸಂಜೆಯವರೆಗೂ ಅಲ್ಲೇ ಕೆಲಸ ಮಾಡಿದ. ಮೊದಲು ತಾತನ ಬಾಗಿಲಿಗೆ ತನ್ನಲ್ಲಿದ್ದ ಅತ್ಯಂತ ಗಟ್ಟಿ ಬೀಗವನ್ನು ಕೂರಿಸಿದ. ಜಿಪ್ಪಕ್ಕ ದೀಪ ಹಿಡಿದಳು, ಮೊಳೆ ಎತ್ತಿಕೊಟ್ಟಳು, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದಳು. ತಾತ ಹೊಸ ಬೀಗವನ್ನು ಹಾಕಿ, ತೆಗೆದು, ಹೊರಗೆ ನಿಂತು, ಒಳಗೆ ನಿಂತು ನೋಡಿದ. ಭುಜದಿಂದ ಬಾಗಿಲನ್ನು ಗುದ್ದಿಯೂ ನೋಡಿದ. ತೃಪ್ತಿಯಾದ ಮೇಲೆ ಹಿತ್ತಾಳೆ ಬೀಗವನ್ನು ತಾನೇ ತೋಳಿನಿಂದ ಒರೆಸಿ ಬೀಗದಣ್ಣನ ಕೈಗೆ ಕೊಟ್ಟ. ನಿಮ್ಮ ತಂದೆಯ ಕೈ ಚೆನ್ನಾಗಿತ್ತು ಎಂದ. ಹಿಂದಿರುಗುವ ಬಸ್ಸಿನಲ್ಲಿ ಬೀಗದಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜಿಪ್ಪಕ್ಕನೊಂದಿಗೆ ಒಂದು ಮಾತೂ ಆಡಲಿಲ್ಲ.

ಮರುದಿನವೂ ಆಡಲಿಲ್ಲ, ಅದರ ಮರುದಿನವೂ ಇಲ್ಲ. ಬೀಗ ಕೊಕ್ಕೆಗೆ ಮರಳಿತ್ತು, ಅವನ ಬೆನ್ನು ಗೋಡೆಗೆ ಮರಳಿತ್ತು. ಭಾನುವಾರ ಗಂಡ ಫೋನು ಮಾಡಿದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು, ರೇಡಿಯೊ ಡಬ್ಬಗಳನ್ನು ಸದ್ಯಕ್ಕೆ ಬಿಚ್ಚುವುದಿಲ್ಲ, ನೀನು ಸೋತು ವಾಪಸು ಬರುವವಳಲ್ಲ ಎಂದ. ಅವಳಿಗೂ ಹಾಗೇ ಅನ್ನಿಸುತ್ತಿತ್ತು. ಈ ಪಟ್ಟಣದಲ್ಲಲ್ಲದಿದ್ದರೆ ಇನ್ನೊಂದರಲ್ಲಿ ಕೂತೇನು, ಜಿಪ್ಪು ಎಲ್ಲಿ ಹಾಳಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅವಳಿಗೆ ಇಲ್ಲೇ ಇರಬೇಕಾಗಿತ್ತು.

ಅಧಿಕಾರಿ ಬಂದ ದಿನ ಸಾಲಿನಲ್ಲೆಲ್ಲ ಜನಜಂಗುಳಿ. ಅವರು ಮೊದಲು ಗುಂಡಿಯಮ್ಮನನ್ನು ಕೇಳಿದರು. ಗುಂಡಿಯಮ್ಮ ಹೂಂ ಎಂದದ್ದಲ್ಲದೆ ತನ್ನ ಮಂಡಿನೋವಿನ ವಿಷಯವನ್ನೂ, ಸೊಸೆಯ ವಿಷಯವನ್ನೂ ಪೂರ್ತಿ ಹೇಳಿಯೇ ಬಿಟ್ಟಳು. ಆಮೇಲೆ ಅಧಿಕಾರಿ ಬಲಕ್ಕೆ ಬಂದು ನಿಂತರು. ಜಿಪ್ಪಕ್ಕ ಯಂತ್ರದ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ಚೀಲವಿತ್ತು, ಕಾಲು ಮಾತ್ರ ಓಡುತ್ತಿರಲಿಲ್ಲ. ಈಕೆ ನಿಮ್ಮ ಪಕ್ಕದಲ್ಲಿ ಇರಬಹುದೇ ಎಂದು ಅಧಿಕಾರಿ ಕೇಳಿದರು.

ಬೀಗದಣ್ಣ ಉಜ್ಜುತ್ತಿದ್ದ ಕೀಲಿಕೈಯನ್ನು ಕೆಳಗಿಟ್ಟ. ಬಾಯಿ ತೆರೆದ. ಅಷ್ಟರಲ್ಲಿ ಒಬ್ಬ ಯುವಕ ಏದುಸಿರು ಬಿಡುತ್ತಾ ಬಂದು, ಬಾಗಿಲು ಹಾಕಿಕೊಂಡುಬಿಟ್ಟಿದೆ, ಒಳಗೆ ಒಲೆ ಉರಿಯುತ್ತಿದೆ, ಬೇಗ ಬನ್ನಿ ಎಂದ. ಬೀಗದಣ್ಣ ಎದ್ದು ಸಲಕರಣೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಒಂದು ಹೆಜ್ಜೆ ಇಟ್ಟವನು ನಿಂತ. ಕೈ ಒರೆಸುವ ಬಟ್ಟೆಯನ್ನು ಹೆಗಲಿನಿಂದ ತೆಗೆದು, ಕಾಲ್ಬೆರಳ ಮೇಲೆ ನಿಂತು, ಕೊಕ್ಕೆಯಲ್ಲಿದ್ದ ತಂದೆಯ ಬೀಗದ ಮೇಲೆ ಹೊದಿಸಿದ. ಜಿಪ್ಪಕ್ಕನ ಕಡೆ ತಿರುಗಿಯೂ ನೋಡದೆ, ಯಾರಿಗೂ ಏನೂ ಹೇಳದೆ, ಯುವಕನ ಹಿಂದೆ ಹೊರಟುಹೋದ.

ಗುಂಡಿಯಮ್ಮ ಕಕ್ಕಾಬಿಕ್ಕಿಯಾಗಿ, ಉತ್ತರವನ್ನೇ ಕೊಡದೆ ಹೋದನಲ್ಲ ಈ ಮನುಷ್ಯ ಎಂದಳು. ಅಧಿಕಾರಿ ತಲೆಯೆತ್ತಿ ಆ ಬಟ್ಟೆಯನ್ನು ನೋಡಿದರು, ಆಮೇಲೆ ಜಿಪ್ಪಕ್ಕನನ್ನು ನೋಡಿದರು. ವರ್ಷದ ಹಿಂದೆ ಕೇಳಿ ನಕ್ಕ ಕಥೆ ಅವರಿಗೆ ನೆನಪಿತ್ತು.

"ಉತ್ತರ ಬಂತು," ಎಂದರು. "ನಿಮ್ಮ ಯಜಮಾನ್ರಿಗೆ ಹೊರಡೋಕೆ ಹೇಳಿ."

ಜಿಪ್ಪಕ್ಕನ ಕಣ್ಣಲ್ಲಿ ನೀರು ತುಂಬಿತು. ಈ ಪಟ್ಟಣಕ್ಕೆ ಬಂದ ಮೇಲೆ ಹತ್ತು ಜನರ ಮುಂದೆ ಅವಳು ಅತ್ತದ್ದು ಅದೇ ಮೊದಲು, ಅದಕ್ಕೆ ಅವಳು ನಾಚಲಿಲ್ಲ. ಆದರೆ ಫೋನು ಮಾಡಲು ಆಗ ಪುರುಸೊತ್ತಿರಲಿಲ್ಲ. ಬೀಗದ ಮಳಿಗೆಯ ಮುಂದೆ ಒಬ್ಬ ಗಿರಾಕಿ ಬಂದು ನಿಂತು ಅತ್ತಿತ್ತ ನೋಡುತ್ತಿದ್ದ. ಅವಳು ಮುಖ ಒರೆಸಿಕೊಂಡು ಎದ್ದು ಹೋಗಿ ಬೀಗದಣ್ಣನ ಸ್ಟೂಲಿನ ಮೇಲೆ ಕೂತಳು. ಗಿರಾಕಿ ಮೇಲೆ ತೋರಿಸಿ, ಆ ಬಟ್ಟೆಯೊಳಗೆ ಏನಿದೆ, ಬೆಲೆ ಎಷ್ಟು ಎಂದು ಕೇಳಿದ.

"ಅದು ಮಾರೋದಲ್ಲ," ಎಂದಳು ಜಿಪ್ಪಕ್ಕ. "ಬೇರೆ ಏನು ಬೇಕು ಹೇಳಿ."